ಆಸ್ಪ್ರೆ ಮರಿಯ ಸಿಗ್ನಲ್ ಒಂಬತ್ತು ದಿನದಿಂದ ಇಲ್ಲ. ಸತ್ತೇ ಹೋಯ್ತಾ?

ರೆಕ್ಕೆಪುಕ್ಕ

ಎಲ್ಲರಿಗೂ ನಮಸ್ಕಾರ. ಹಕ್ಕಿಗಳ ಬಗ್ಗೆ ನನಗೆ ಜಾಸ್ತಿ ಗೊತ್ತಿಲ್ಲ, ಪ್ರಶ್ನೆ ಪೆದ್ದುಪೆದ್ದಾಗಿದ್ದರೆ ಬೈಯಬೇಡಿ. ಜುಲೈನಿಂದ ಸ್ಕಾಟ್ಲೆಂಡಿನ ಒಂದು ಆಸ್ಪ್ರೆ ಮರಿಯನ್ನು ಮ್ಯಾಪ್‌ನಲ್ಲಿ ಹಿಂಬಾಲಿಸುತ್ತಿದ್ದೇನೆ. ಆಸ್ಪ್ರೆ ಅಂದರೆ ಮೀನುಡೇಗೆ, ಮೀನು ಬಿಟ್ಟು ಬೇರೇನನ್ನೂ ಹೆಚ್ಚುಕಮ್ಮಿ ಮುಟ್ಟದ ಬೇಟೆ ಹಕ್ಕಿ. ಗೂಡಿನಲ್ಲಿದ್ದಾಗಲೇ ಇದರ ಬೆನ್ನಿಗೆ ಟ್ಯಾಗ್ ಕಟ್ಟಿದ್ದರು. ಮೊದಲ ಒಂದು ತಿಂಗಳು ಬರೀ ಗೂಡಿನ ಸುತ್ತ ಚುಕ್ಕಿಗಳು, ಬೋರು ಹೊಡೆಸಿತ್ತು. ಆಗಸ್ಟ್ ಕೊನೆಯಲ್ಲಿ ಒಂದು ದಿನ ಇದ್ದಕ್ಕಿದ್ದ ಹಾಗೆ ಹೊರಟಿತು ನೋಡಿ, ಎರಡೇ ದಿನದಲ್ಲಿ ಇಂಗ್ಲೆಂಡಿನ ದಕ್ಷಿಣ ತುದಿ, ಅಲ್ಲಿಂದ ಸೀದಾ ಸಮುದ್ರದ ಮೇಲೆ. ಬಿಸ್ಕೆ ಕೊಲ್ಲಿಯ ಮೇಲೆ ರಾತ್ರಿಯಿಡೀ ಹಾರಿತು. ಆ ರಾತ್ರಿ ನಾನೂ ಮಲಗಲಿಲ್ಲ, ಮನೆಯವರು ನಕ್ಕರು.

ಸ್ಪೇನ್ ಸಿಕ್ಕಿದ ಮೇಲೆ ಒಂದು ಜಲಾಶಯದ ಹತ್ತಿರ ಆರು ದಿನ ಕೂತಿತು. ಆಮೇಲೆ ಜಿಬ್ರಾಲ್ಟರ್, ಮೊರಾಕ್ಕೊ, ಅಟ್ಲಾಸ್ ಬೆಟ್ಟಗಳು. ಬೆಟ್ಟ ಇಳಿದು ದಕ್ಷಿಣಕ್ಕೆ ಬಂದಲ್ಲಿ, ಸಂಜೆ ನಾಲ್ಕು ಗಂಟೆಗೆ, ಕೊನೆಯ ಚುಕ್ಕಿ. ಅದಾದ ಮೇಲೆ ಏನೂ ಇಲ್ಲ. ಇವತ್ತಿಗೆ ಒಂಬತ್ತು ದಿನ. ಇದು ಸ್ಯಾಟಲೈಟ್ ಟ್ಯಾಗ್ ತಾನೇ, ಸ್ಯಾಟಲೈಟ್ ಮೇಲಿಂದ ನೋಡುತ್ತಲೇ ಇರಬೇಕಲ್ವಾ? ಕಾಣುತ್ತಿಲ್ಲ ಅಂದರೆ ಸತ್ತಿದೆ ಅಂತಲೇ ಅರ್ಥನಾ? ಗೊತ್ತಿರುವವರು ದಯವಿಟ್ಟು ಹೇಳಿ.

ಚುಕ್ಕಿಲೆಕ್ಕ

ಮೊದಲು ಒಂದು ತಪ್ಪು ಕಲ್ಪನೆ ಬಿಡಿಸೋಣ. ಯಾವ ಸ್ಯಾಟಲೈಟೂ ನಿಮ್ಮ ಹಕ್ಕಿಯನ್ನು ನೋಡುತ್ತಿಲ್ಲ. ಟ್ಯಾಗ್ ಒಳಗೆ ಜಿಪಿಎಸ್ ಇದೆ, ಅದು ಸ್ಯಾಟಲೈಟ್‌ಗಳ ಸಿಗ್ನಲ್ ಕೇಳಿಸಿಕೊಂಡು ತಾನೆಲ್ಲಿದ್ದೇನೆ ಅಂತ ಲೆಕ್ಕ ಹಾಕುತ್ತದೆ, ಅಷ್ಟೇ. ಆ ಲೆಕ್ಕ ನಮ್ಮ ಕೈಗೆ ಬರುವುದು ಬೇರೆಯದೇ ಕಥೆ, ಮತ್ತು ಅದಕ್ಕೆ ಎರಡು ದಾರಿ. ಒಂದು, ಆರ್ಗೋಸ್ ಅಂತ ಒಂದು ವ್ಯವಸ್ಥೆ ಇದೆ, 1978ರಿಂದ ಇದೆ, ಟ್ಯಾಗ್ ಕಳಿಸುವ ಸಂದೇಶವನ್ನು ಅದರ ಸ್ಯಾಟಲೈಟ್‌ಗಳು ಹಿಡಿದು ನೆಲಕ್ಕೆ ತಲುಪಿಸುತ್ತವೆ, ಮರುಭೂಮಿ ಆದರೂ ಸರಿ ಸಮುದ್ರ ಆದರೂ ಸರಿ. ಇನ್ನೊಂದು ದಾರಿ ಮಾಮೂಲಿ ಮೊಬೈಲ್ ನೆಟ್‌ವರ್ಕ್. ಈಗಿನ ಎಷ್ಟೋ ಟ್ಯಾಗ್‌ಗಳು ಈ ಎರಡನೇ ಜಾತಿಯವು, ಜನ ಮಾತ್ರ ಎಲ್ಲವನ್ನೂ ಸ್ಯಾಟಲೈಟ್ ಟ್ಯಾಗ್ ಅಂತಲೇ ಕರೆಯುತ್ತಾರೆ.

ಬಿಸ್ಕೆ ದಾಟುವಾಗ ನೀವು ರಾತ್ರಿಯಿಡೀ ಎದ್ದಿದ್ದಿರಿ ಅಂದಿರಲ್ಲ, ಆ ಚುಕ್ಕಿಗಳು ಆಗಾಗಲೇ ಬಂದವಾ, ಇಲ್ಲಾ ಸ್ಪೇನ್ ಮುಟ್ಟಿದ ಮೇಲೆ ಒಟ್ಟಿಗೆ ಬಂದವಾ? ಒಟ್ಟಿಗೆ ಬಂದಿದ್ದರೆ ಇದು ಮೊಬೈಲ್ ಟ್ಯಾಗ್. ಮೊಬೈಲ್ ಟ್ಯಾಗ್ ಆಗಿದ್ದರೆ ಅಟ್ಲಾಸ್ ದಾಟಿದ ಮೇಲೆ ಸುಮ್ಮನಾಗುವುದೇ ಸಹಜ. ಸಹಾರಾದಲ್ಲಿ ಟವರ್ ಎಲ್ಲಿಂದ ಬರಬೇಕು? ಟ್ಯಾಗ್ ಮಾತ್ರ ತನ್ನ ಪಾಡಿಗೆ ಎಲ್ಲವನ್ನೂ ಬರೆದಿಟ್ಟುಕೊಳ್ಳುತ್ತಿರುತ್ತದೆ. ನೆಟ್‌ವರ್ಕ್ ಸಿಕ್ಕ ದಿನ ಅಷ್ಟೂ ಒಂದೇ ಏಟಿಗೆ ಸುರಿಯುತ್ತದೆ.

ಕೊನೆಯ ಚುಕ್ಕಿಯ ವೇಗ, ಎತ್ತರ, ಬ್ಯಾಟರಿ ಎಷ್ಟಿತ್ತು ನೋಡಿ ಹೇಳಿ.

ರೆಕ್ಕೆಪುಕ್ಕ

ಅಯ್ಯೋ ಹೌದು, ಸಮುದ್ರದ ಚುಕ್ಕಿಗಳೆಲ್ಲ ಬೆಳಗ್ಗೆ ಒಟ್ಟಿಗೇ ಬಂದವು! ರಾತ್ರಿ ನಾನು ಎದ್ದಿದ್ದಿದ್ದು ಸುಮ್ನೆ ಖಾಲಿ ಮ್ಯಾಪ್ ನೋಡುತ್ತಾ. ಕೊನೆಯ ಚುಕ್ಕಿಯಲ್ಲಿ ವೇಗ ಗಂಟೆಗೆ 46 ಕಿ.ಮೀ., ಎತ್ತರ 900 ಮೀಟರ್ ಮೇಲೆ, ಬ್ಯಾಟರಿ ಫುಲ್ ಅಂತ ತೋರಿಸುತ್ತಿದೆ.

ಚುಕ್ಕಿಲೆಕ್ಕ

ಹಾಗಾದರೆ ಚೆನ್ನಾಗಿ ಹಾರುತ್ತಾ ಇರುವಾಗಲೇ ನೆಟ್‌ವರ್ಕ್‌ನಿಂದ ಆಚೆ ಹೋಗಿದೆ. ಸಾವಿನ ಗುರುತು ಬೇರೆ ಥರ ಇರುತ್ತದೆ. ಚುಕ್ಕಿಗಳು ಬರುತ್ತಲೇ ಇರುತ್ತವೆ, ಆದರೆ ಎಲ್ಲವೂ ಒಂದೇ ಜಾಗದಲ್ಲಿ, ವೇಗ ಸೊನ್ನೆ. ಬದುಕಿರುವ ಹಕ್ಕಿಯ ಮೈಶಾಖದಿಂದ ಟ್ಯಾಗ್ ಸ್ವಲ್ಪ ಬೆಚ್ಚಗಿರುತ್ತದೆ, ಸತ್ತರೆ ರಾತ್ರಿ ಹೊರಗಿನ ಚಳಿಯಷ್ಟೇ ತಣ್ಣಗಾಗುತ್ತದೆ. ಹಕ್ಕಿ ಅಂಗಾತ ಬಿದ್ದಿದ್ದರೆ ಸೋಲಾರ್ ಫಲಕಕ್ಕೆ ಬಿಸಿಲು ಸಿಗದೆ ಬ್ಯಾಟರಿ ದಿನದಿಂದ ದಿನಕ್ಕೆ ಇಳಿಯುತ್ತದೆ. ಇನ್ನೊಂದು ಥರವೂ ಇದೆ, ಚುಕ್ಕಿಗಳು ರಸ್ತೆ ಹಿಡಿದು ಹೋಗಿ ಯಾವುದೋ ಊರಿನೊಳಗೆ ನಿಲ್ಲುತ್ತವೆ. ಯಾರೋ ಟ್ಯಾಗ್ ಎತ್ತಿಕೊಂಡು ಮನೆಗೆ ಹೋಗಿದ್ದಾರೆ ಅಂತ ಅರ್ಥ.

ನಿಮ್ಮದರಲ್ಲಿ ಇದ್ಯಾವುದೂ ಇಲ್ಲ. ಕಾಯಿರಿ.

ಹಳೇ ಬೈನಾಕ್ಯುಲರ್

ಚುಕ್ಕಿಲೆಕ್ಕ ಹೇಳಿದ್ದು ಸರಿ. ಆದರೆ ಸುಳ್ಳು ಧೈರ್ಯ ಹೇಳುವುದು ನನಗೆ ಇಷ್ಟ ಇಲ್ಲ, ಹಾಗಾಗಿ ಇದನ್ನೂ ಕೇಳಿ. ಮೊದಲ ವರ್ಷ ಆಸ್ಪ್ರೆ ಮರಿಗಳಿಗೆ ಬಹಳ ಕೆಟ್ಟದ್ದು. ಗೂಡು ಬಿಟ್ಟು ಹಾರಿದವುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ವಾಪಸ್ ಬರುವುದೇ ಇಲ್ಲ. ಕಾರಣ ಯೋಚಿಸಿದರೆ ಗೊತ್ತಾಗುತ್ತದೆ. ತಾಯಿ ಎಲ್ಲರಿಗಿಂತ ಮೊದಲು, ಆಗಸ್ಟ್‌ನಲ್ಲೇ ಹೊರಟುಬಿಡುತ್ತಾಳೆ. ಅಪ್ಪ ಉಳಿದುಕೊಂಡು ಮರಿಗಳಿಗೆ ಮೀನು ತಂದುಕೊಡುತ್ತಾನೆ, ಮರಿಗಳು ಹೊರಟ ಮೇಲೆ ಅವನೂ ತನ್ನ ದಾರಿ ಹಿಡಿಯುತ್ತಾನೆ. ಯಾರ ಜೊತೆಗೂ ಯಾರೂ ಹೋಗುವುದಿಲ್ಲ. ಒಂದೇ ಗೂಡಿನ ಅಣ್ಣತಂಗಿಯರೂ ಬೇರೆ ಬೇರೆ ದಿನ, ಬೇರೆ ಬೇರೆ ದಾರಿ. ಮೂರು ತಿಂಗಳ ಮರಿ, ಹುಟ್ಟಿನಿಂದ ಮೈಯಲ್ಲಿರುವ ಒಂದು ಅಂದಾಜು ದಿಕ್ಕನ್ನು ನಂಬಿಕೊಂಡು ಐದು ಸಾವಿರ ಕಿ.ಮೀ. ಹಾರಬೇಕು. ಗಾಳಿ ಪಕ್ಕಕ್ಕೆ ತಳ್ಳಿದರೆ ದೊಡ್ಡ ಹಕ್ಕಿಗೆ ತಿದ್ದಿಕೊಳ್ಳುವುದು ಗೊತ್ತು, ಮರಿಗೆ ಅಷ್ಟು ಗೊತ್ತಿಲ್ಲ. ಪೂರ್ವದ ಗಾಳಿಗೆ ಸಿಕ್ಕಿ ಅಟ್ಲಾಂಟಿಕ್ ಕಡೆ ಜಾರಿ, ನೆಲವೇ ಕಾಣದೆ ಕಡಲಿಗೆ ಬಿದ್ದ ಮರಿಗಳಿವೆ. ನಿಮ್ಮದು ಬಿಸ್ಕೆ ದಾಟಿದೆ ಅಂದರೆ ದೊಡ್ಡ ಗಂಡಾಂತರ ಒಂದು ಕಳೆದಿದೆ ಅಂತ ಇಟ್ಟುಕೊಳ್ಳಿ.

ಸ್ಪೇನಿನಲ್ಲಿ ಆರು ದಿನ ಕೂತಿದ್ದು ಒಳ್ಳೆಯ ಲಕ್ಷಣ. ಮರುಭೂಮಿಯಲ್ಲಿ ಮೀನಿಲ್ಲ, ಮೈಯಲ್ಲಿ ಕೂಡಿಟ್ಟ ಕೊಬ್ಬೇ ಬುತ್ತಿ. ಅಟ್ಲಾಸ್‌ನಿಂದ ಸೆನೆಗಲ್ ನದಿಯವರೆಗೆ ಸುಮಾರು 1,500 ಕಿ.ಮೀ. ದಿನಕ್ಕೆ 300 ಕಿ.ಮೀ. ಹಾರಿದರೂ ಐದು ದಿನ. ಬೆಳಗ್ಗೆ ನೆಲ ಕಾಯುವವರೆಗೆ ಕೂತಿದ್ದು, ಬಿಸಿಗಾಳಿ ಮೇಲೇಳಲು ಶುರುವಾದ ಮೇಲೆ ಅದರಲ್ಲಿ ಸುತ್ತು ಹಾಕುತ್ತಾ ಎತ್ತರಕ್ಕೆ ಹೋಗಿ, ಅಲ್ಲಿಂದ ರೆಕ್ಕೆ ಬಡಿಯದೆ ಜಾರಿಕೊಂಡು ಮುಂದೆ ಹೋಗುತ್ತದೆ. ಸಂಜೆ ಮರಳಿನ ಮೇಲೋ ಬಂಡೆಯ ಮೇಲೋ ಇಳಿದು ರಾತ್ರಿ ಕಳೆಯುತ್ತದೆ. ಒಂಬತ್ತು ದಿನ ಸ್ವಲ್ಪ ಜಾಸ್ತಿಯೇ, ಇಲ್ಲ ಅನ್ನಲ್ಲ. ಆದರೆ ಎದುರುಗಾಳಿ, ಮರಳಿನ ಬಿರುಗಾಳಿ ಇದ್ದರೆ ಎರಡು ದಿನ ಸುಮ್ಮನೆ ಕೂರಬೇಕಾಗುತ್ತದೆ.

ಸುಮ್ನೆ ಕೇಳ್ದೆ

ಮಧ್ಯೆ ಬಾಯಿ ಹಾಕುತ್ತಿರುವುದಕ್ಕೆ ಕ್ಷಮಿಸಿ. ಅರ್ಧಕ್ಕರ್ಧ ಸಾಯುತ್ತವೆ ಅಂತ ನೀವೇ ಹೇಳುತ್ತೀರಿ, ಅಂಥ ಮರಿಯ ಬೆನ್ನ ಮೇಲೆ ಒಂದು ಯಂತ್ರ ಬೇರೆ ಹೊರಿಸುತ್ತೀರಿ. ನಾವು ಮನೆಯಲ್ಲಿ ಕೂತು ಮ್ಯಾಪ್ ನೋಡುವ ಖುಷಿಗೆ ಇದೆಲ್ಲ ಬೇಕಾ?

ಹಳೇ ಬೈನಾಕ್ಯುಲರ್

ಕೇಳಬೇಕಾದ ಪ್ರಶ್ನೆಯೇ. ಟ್ಯಾಗ್ ಸುಮಾರು 30 ಗ್ರಾಂ ಇರುತ್ತದೆ, ಹಕ್ಕಿ ಒಂದೂವರೆ ಕೆ.ಜಿ. ಆಸುಪಾಸು. ಹಕ್ಕಿಯ ತೂಕದ ಶೇ. 3 ದಾಟಬಾರದು ಅನ್ನುವುದು ಟ್ಯಾಗ್ ಹಾಕುವವರು ಸಾಮಾನ್ಯವಾಗಿ ಪಾಲಿಸುವ ಲೆಕ್ಕ. ಯಾರು ಬೇಕಾದರೂ ಕಟ್ಟುವ ಹಾಗಿಲ್ಲ, ಪರವಾನಗಿ ಬೇಕು. ಶಾಲೆಯ ಬ್ಯಾಗಿನ ಥರ ಪಟ್ಟಿ ಹಾಕಿ, ಪಟ್ಟಿಗಳು ಸೇರುವ ಕಡೆ ಹತ್ತಿ ದಾರದಿಂದ ಹೊಲಿಯುತ್ತಾರೆ. ಕೆಲವು ವರ್ಷಕ್ಕೆ ದಾರ ಸವೆದು ಇಡೀ ಟ್ಯಾಗ್ ತಾನಾಗೇ ಬಿದ್ದುಹೋಗಲಿ ಅಂತ. ಹಾಗಂತ ಹಕ್ಕಿಗೆ ಏನೂ ಅನಿಸುವುದಿಲ್ಲ ಅಂತ ಪ್ರಮಾಣ ಮಾಡಲು ನಾನು ತಯಾರಿಲ್ಲ. ಸುಮ್ನೆ ಶೋಕಿಗೆ ಟ್ಯಾಗ್ ಹಾಕುವುದಾದರೆ ನಾನೂ ನಿಮ್ಮ ಕಡೆಯೇ.

ಆದರೆ ಟ್ಯಾಗ್ ಬರುವ ಮೊದಲು ಏನಿತ್ತು ಅಂತ ನೋಡಿ. ಕಾಲಿಗೆ ಉಂಗುರ ಹಾಕಿ ಬಿಡುತ್ತಿದ್ದರು. ಉಂಗುರ ಮಾತಾಡಬೇಕಾದರೆ ಯಾರಾದರೂ ಆ ಹಕ್ಕಿಯನ್ನು ಹಿಡಿಯಬೇಕು, ಇಲ್ಲಾ ಹೊಡೆಯಬೇಕು, ಇಲ್ಲಾ ಸತ್ತದ್ದು ಕಣ್ಣಿಗೆ ಬೀಳಬೇಕು. ಅಂದರೆ ಜನ ಇರುವ ಕಡೆ ಸತ್ತವುಗಳ ಸುದ್ದಿ ಮಾತ್ರ. ಮರುಭೂಮಿಯಲ್ಲಿ ಸತ್ತದ್ದು, ಸಮುದ್ರದಲ್ಲಿ ಮುಳುಗಿದ್ದು ಲೆಕ್ಕಕ್ಕೇ ಇಲ್ಲ. ಸ್ವೀಡನ್ನಿನವರು 1990ರ ದಶಕದಲ್ಲಿ ಟ್ಯಾಗ್ ಹಾಕಿ ನೋಡಿದಾಗ ತಮ್ಮ ಹಕ್ಕಿಗಳು ಸರಾಸರಿ 6,700 ಕಿ.ಮೀ. ಹೋಗುತ್ತವೆ, ದಾರಿಯಲ್ಲಿ ನಿಂತ ದಿನಗಳೂ ಸೇರಿ 45 ದಿನ ಹಿಡಿಯುತ್ತದೆ ಅಂತ ಗೊತ್ತಾಯಿತು. ಅದರಲ್ಲಿ ಒಂದು ಮೊಜಾಂಬಿಕ್‌ವರೆಗೆ ಹೋಗಿತ್ತು. ಯಾವ ಕೆರೆ, ಯಾವ ಅಳಿವೆ ಉಳಿಯಬೇಕು ಅಂತ ಹೇಳಲು ಈ ನಡುವಿನ ನಿಲ್ದಾಣಗಳು ಗೊತ್ತಿರಬೇಕಲ್ವಾ.

ಬ್ರಿಟನ್ನಿನಲ್ಲಿ ಈ ಹಕ್ಕಿಯನ್ನು ಹೊಡೆದು, ಮೊಟ್ಟೆ ಕದ್ದು 1916ರ ಹೊತ್ತಿಗೆ ಪೂರ್ತಿ ಇಲ್ಲವಾಗಿಸಿದ್ದರು. 1954ರಲ್ಲಿ ಒಂದು ಜೋಡಿ ತಾನಾಗೇ ಬಂದು ಸ್ಕಾಟ್ಲೆಂಡಿನ ಲಾಕ್ ಗಾರ್ಟನ್ ಹತ್ತಿರ ಗೂಡು ಕಟ್ಟಿತು. 1996ರಿಂದ ಸ್ಕಾಟ್ಲೆಂಡಿನ ಮರಿಗಳನ್ನು ಇಂಗ್ಲೆಂಡಿನ ರಟ್‌ಲ್ಯಾಂಡ್ ವಾಟರ್‌ಗೆ ತಂದು ಅಲ್ಲಿಂದ ಹಾರಲು ಬಿಟ್ಟರು, 2001ರಲ್ಲಿ ಅಲ್ಲೇ ಮರಿಯಾಯಿತು. ಇಷ್ಟು ಕಷ್ಟಪಟ್ಟು ತಂದ ಹಕ್ಕಿ ವರ್ಷದ ಅರ್ಧ ಎಲ್ಲಿರುತ್ತದೆ ಅಂತಲೇ ಗೊತ್ತಿಲ್ಲದಿದ್ದರೆ ಹೇಗೆ?

ಸುಮ್ನೆ ಕೇಳ್ದೆ

ಸರಿ, ಉಂಗುರದ ವಿಷಯ ಒಪ್ಪಿದೆ. ಟ್ಯಾಗಿಗೆ ಇನ್ನೂ ಅರ್ಧ ಮನಸ್ಸು.

ರೆಕ್ಕೆಪುಕ್ಕ

ಬಂತು!!! ಹದಿಮೂರನೇ ದಿನ! ಬೆಳಗ್ಗೆ ತೆರೆದರೆ ಮ್ಯಾಪ್ ತುಂಬಾ ಚುಕ್ಕಿ, ಚುಕ್ಕಿಲೆಕ್ಕ ಅವರು ಹೇಳಿದ ಹಾಗೇ ಒಂದೇ ಏಟಿಗೆ ಸುರಿದಿದೆ. ಕಾಫಿ ತಣ್ಣಗಾಯಿತು, ಕೂತು ಒಂದೊಂದೇ ಚುಕ್ಕಿ ಒತ್ತಿ ನೋಡಿದೆ. ಮೊದಲ ಮೂರು ದಿನ ದಕ್ಷಿಣಕ್ಕೆ ಗೆರೆ ಎಳೆದ ಹಾಗೆ ಹೋಗಿದೆ. ನಾಲ್ಕನೇ ದಿನ ಯಾಕೋ ಪೂರ್ವಕ್ಕೆ ತಿರುಗಿ ಮರುಭೂಮಿಯ ಒಳಕ್ಕೆ ಹೋಗಿ, ಒಂದು ಕಡೆ ಸುಮಾರು ಎರಡು ದಿನ ಕದಲಿಲ್ಲ. ಅಲ್ಲಿ ಏನೂ ಇಲ್ಲ, ಜೂಮ್ ಮಾಡಿದರೆ ಬರೀ ಕಂದು ಬಣ್ಣ. ಆ ಎರಡು ದಿನದ ಡೇಟಾ ಆಗಲೇ ಬಂದಿದ್ದರೆ ನಾನು ಸತ್ತಿದೆ ಅಂತಲೇ ತೀರ್ಮಾನ ಮಾಡುತ್ತಿದ್ದೆ. ಆಮೇಲೆ ಮತ್ತೆ ಪಶ್ಚಿಮಕ್ಕೆ ತಿರುಗಿ ಒಂದೇ ದಿನ 410 ಕಿ.ಮೀ.! ಮಾರಿಟೇನಿಯಾದ ಕರಾವಳಿ, ಅಲ್ಲಿಂದ ನಿಧಾನಕ್ಕೆ ಕೆಳಗಿಳಿದು ಈಗ ಸೆನೆಗಲ್ ನದಿ ಸಮುದ್ರ ಸೇರುವ ಕಡೆ ಇದೆ.

ಈಗ ಎರಡನೇ ಪ್ರಶ್ನೆ. ಇದು ಮತ್ತೆ ಸ್ಕಾಟ್ಲೆಂಡಿಗೆ ಯಾವಾಗ ಹೊರಡುತ್ತದೆ? ಮಾರ್ಚ್‌ನಲ್ಲಾ?

ಚುಕ್ಕಿಲೆಕ್ಕ

ಪೂರ್ವಕ್ಕೆ ಹೋದ ದಿನದ ಗಾಳಿಯ ನಕ್ಷೆ ತೆಗೆದು ಪಕ್ಕದಲ್ಲಿಟ್ಟು ನೋಡಿ, ಬಹುಶಃ ಉತ್ತರ ಅಲ್ಲೇ ಇರುತ್ತದೆ. ಕರಾವಳಿ ಸಿಕ್ಕಿದ್ದು ಅದರ ಪುಣ್ಯ.

ಮಾರ್ಚ್‌ನಲ್ಲಿ ಹೊರಡುವುದು ದೊಡ್ಡವು. ನಿಮ್ಮದು ಬರುವ ಬೇಸಿಗೆ ಪೂರ್ತಿ ಆಫ್ರಿಕಾದಲ್ಲೇ ಇರುತ್ತದೆ. ಸಾಮಾನ್ಯವಾಗಿ ಎರಡು ವರ್ಷ ತುಂಬುವ ಹೊತ್ತಿಗೆ ಮೊದಲ ಸಲ ಉತ್ತರಕ್ಕೆ ಬರುತ್ತದೆ, ಬಂದರೂ ಆ ವರ್ಷ ಗೂಡು ಗೀಡು ಇಲ್ಲ, ಸುತ್ತಾಡಿ ಜಾಗ ನೋಡಿಕೊಂಡು ವಾಪಸ್. ಮರಿ ಮಾಡುವುದು ಮೂರನೆಯದೋ ನಾಲ್ಕನೆಯದೋ ವರ್ಷಕ್ಕೆ. ಆದ್ದರಿಂದ ಮಾರ್ಚ್‌ನಲ್ಲಿ ‘ಹೊರಡುತ್ತಿಲ್ಲ, ಕಾಯಿಲೆಯಾ’ ಅಂತ ಕೇಳಬೇಡಿ.

ಹಳೇ ಬೈನಾಕ್ಯುಲರ್

ಇನ್ನು ಮುಂದೆ ಚುಕ್ಕಿಗಳು ಚಿಕ್ಕ ಜಾಗದಲ್ಲೇ ಇರುತ್ತವೆ, ಬೋರು ಅಂತ ಬಿಟ್ಟುಬಿಡಬೇಡಿ. ನನಗಂತೂ ವಲಸೆಗಿಂತ ಇದೇ ಇಷ್ಟ. ಅಲ್ಲಿ ಮೊದಲೇ ಬೀಡುಬಿಟ್ಟ ದೊಡ್ಡ ಆಸ್ಪ್ರೆಗಳಿರುತ್ತವೆ. ವರ್ಷಾವರ್ಷ ಅದೇ ದಡ, ಎಷ್ಟೋ ಸಲ ಅದೇ ಮರಕ್ಕೆ ಬರುವಂಥವು. ಹೊಸ ಮರಿಯನ್ನು ಒಳ್ಳೆಯ ಜಾಗದಿಂದ ಅವು ಓಡಿಸುತ್ತವೆ. ಹಾಗಾಗಿ ಮೊದಲ ಕೆಲವು ವಾರ ನಿಮ್ಮದು ಅಲ್ಲಿಂದಿಲ್ಲಿಗೆ ಅಲೆಯಬಹುದು, ಗ್ಯಾಂಬಿಯಾ, ಗಿನಿ ಬಿಸಾವ್ ಕಡೆಗೂ ಇಳಿಯಬಹುದು. ಚುಕ್ಕಿಗಳ ಜೊತೆ ಉಬ್ಬರ ಇಳಿತದ ಸಮಯವನ್ನೂ ಇಟ್ಟುಕೊಂಡು ನೋಡಿ, ಯಾವಾಗ ಬೇಟೆ, ಯಾವಾಗ ವಿಶ್ರಾಂತಿ ಅಂತ ಒಂದು ತಾಳ ಸಿಗುತ್ತದೆ.

ರೆಕ್ಕೆಪುಕ್ಕ

ನೋಡಲು ಶುರು ಮಾಡಿದ್ದೇನೆ. ನಿನ್ನೆ ಬೆಳಗ್ಗೆ ಮೂರು ಗಂಟೆ ಕಾಲ ಮರಳು ದಿಬ್ಬದ ಮೇಲೆ ಒಂದೇ ಕಡೆ. ಹತ್ತೂವರೆಗೆ ಎದ್ದು ನೀರಿನ ಮೇಲೆ ಹಿಂದೆ ಮುಂದೆ ನಲವತ್ತು ನಿಮಿಷ, ಎತ್ತರ ಇಪ್ಪತ್ತು ಮೂವತ್ತು ಮೀಟರ್. ಒಂದು ಚುಕ್ಕಿಯಲ್ಲಿ ಎತ್ತರ ಸೊನ್ನೆ. ಅದಾದ ಮೇಲೆ ಸೀದಾ ದಡಕ್ಕೆ ಹೋಗಿ ಎರಡು ಗಂಟೆ ಅಲ್ಲಾಡಿಲ್ಲ. ಮೀನು ಸಿಕ್ಕಿರಬೇಕು, ಅಲ್ವಾ?