ಸರ್ವರ್ ಫ್ರಾಂಕ್‌ಫರ್ಟ್‌ನಾಗ ಐತಿ, ಸಹಿ ನಾವ್ಯಾಕ ಮಾಡಬೇಕು? ಅನುಭವ ಇದ್ದವರು ಹೇಳ್ರಿ

ಹುಬ್ಬಳ್ಳಿಯಿಂದ ಕೇಳಿದ್ದು:
ನಮ್ಮದು ಎಂಟು ಮಂದಿಯ ಸಾಫ್ಟ್‌ವೇರ್ ಕಂಪನಿ. ಜರ್ಮನಿಯ ಒಂದು ಫರ್ನಿಚರ್ ಅಂಗಡಿಯ ಆರ್ಡರ್ ಸಾಫ್ಟ್‌ವೇರ್ ನೋಡ್ಕೋತೀವಿ. ಗಿರಾಕಿಗಳ ಹೆಸರು, ವಿಳಾಸ ಎಲ್ಲಾ ಫ್ರಾಂಕ್‌ಫರ್ಟ್ ಸರ್ವರಿನಾಗ ಐತಿ. ನಾವು ಇಲ್ಲಿಂದ ಲಾಗಿನ್ ಆಗಿ ದೋಷ ಸರಿಪಡಿಸ್ತೀವಿ, ಅಷ್ಟ. ಈಗ ಎಸ್‌ಸಿಸಿ ಅಂತ, ಯುರೋಪಿನ ಮಂದಿಯ ಡೇಟಾ ಹೊರದೇಶಕ್ಕ ಕೊಡೂವಾಗ ಮಾಡ್ಕೊಳ್ಳೂ ಉದ್ದನೆ ಕರಾರು ಕಳಿಸ್ಯಾರ, ಎರಡು ವಾರದಾಗ ಸಹಿ ಬೇಕಂತ. ಡೇಟಾ ಭಾರತಕ್ಕ ಬರೂದೇ ಇಲ್ಲ ಅಂದಮ್ಯಾಲ ಇದು ನಮಗ್ಯಾಕ? ಮಾಡಿದವರು ದಾರಿ ತೋರಿಸ್ರಿ.

ಮೈಸೂರಿನಿಂದ:
ಸರ್, ನಾನೂ ಹೀಗೇ ವಾದಿಸಿದ್ದೆ. ತಪ್ಪು ನನ್ನದು. ಇಲ್ಲಿ ಕೂತು ಪರದೆ ಮೇಲೆ ಆ ವಿಳಾಸ ನೋಡಿದರೂ ಯುರೋಪಿನ ಡೇಟಾ ರಕ್ಷಣಾ ಕಾನೂನಾದ ಜಿಡಿಪಿಆರ್ ಲೆಕ್ಕದಲ್ಲಿ ಡೇಟಾ ಭಾರತಕ್ಕೆ ಬಂದ ಹಾಗೇ. ಜಪಾನ್, ದಕ್ಷಿಣ ಕೊರಿಯಾಗಳಲ್ಲಿ ರಕ್ಷಣೆ ಸಾಕಷ್ಟಿದೆ ಅಂತ ಯುರೋಪಿಯನ್ ಕಮಿಷನ್ ಒಪ್ಪಿದೆ, ಭಾರತಕ್ಕೆ ಆ ಒಪ್ಪಿಗೆ ಇಲ್ಲ. ಅದಕ್ಕೇ ಈ ಕರಾರು. 2021ರ ಜೂನ್‌ನಲ್ಲಿ ಬಂದ ಸಿದ್ಧ ನಮೂನೆ ಅದು. ಕಲಮುಗಳನ್ನು ತಿದ್ದುವ ಹಾಗಿಲ್ಲ, ಚೌಕಾಸಿಗೆ ದಿನ ಕಳೆಯಬೇಡಿ. ಅದರಲ್ಲಿ ಮಾಡ್ಯೂಲ್ ಅಂತ ಬೇರೆಬೇರೆ ಭಾಗ ಇವೆ, ನಿಮಗೆ ಹೊಂದುವುದನ್ನು ಆರಿಸಬೇಕು: ಅಂಗಡಿ ನೇರ ನಿಮಗೇ ಕೆಲಸ ಕೊಟ್ಟಿದ್ದರೆ ಎರಡನೇ ಮಾಡ್ಯೂಲ್, ನಡುವೆ ಇನ್ನೊಂದು ಐಟಿ ಕಂಪನಿ ಇದ್ದರೆ ಮೂರನೆಯದು. ಅದನ್ನು ನೋಡಿಕೊಳ್ಳಿ.

ನಮಗೆ ಪೆಟ್ಟು ಬಿದ್ದದ್ದು ಕರಾರಿನ ಅನುಬಂಧ 2ರಲ್ಲಿ. ಅಲ್ಲಿ ಭದ್ರತಾ ಕ್ರಮ ಬರೆಯಬೇಕು. ಬೇರೆಯವರದ್ದನ್ನು ನಕಲು ಮಾಡಿ 'ಎಲ್ಲ ಲ್ಯಾಪ್‌ಟಾಪ್ ಎನ್‌ಕ್ರಿಪ್ಟ್ ಆಗಿವೆ', ಅಂದರೆ ಬೇರೆಯವರು ಓದಲಾಗದ ಹಾಗೆ ಗೂಢಲಿಪಿಯಲ್ಲಿವೆ ಅಂತ ಬರೆದಿದ್ದೆವು. ಆರು ತಿಂಗಳ ಮೇಲೆ ನಮ್ಮ ಗಿರಾಕಿಯ ಕಡೆಯವರು ವಿಡಿಯೋ ಕಾಲ್‌ನಲ್ಲಿ ಒಂದೊಂದನ್ನೇ ತೋರಿಸಿ ಅಂದರು. ಹನ್ನೊಂದರಲ್ಲಿ ನಾಲ್ಕು ಆಗಿರಲಿಲ್ಲ. ಒಂದರಲ್ಲಂತೂ ಟೆಸ್ಟಿಂಗ್‌ಗೆ ಇಳಿಸಿಕೊಂಡ ಗ್ರಾಹಕರ ಪಟ್ಟಿ ಎಕ್ಸೆಲ್‌ನಲ್ಲಿ ಹಾಗೇ ಇತ್ತು. ಕೆಲಸ ಉಳಿಯಿತು, ನಂಬಿಕೆ ವಾಪಸ್ ಬರೋಕೆ ವರ್ಷ ಹಿಡಿಯಿತು. ಇರೋದನ್ನಷ್ಟೇ ಬರೆಯಿರಿ. ಇಲ್ಲದ್ದನ್ನು ಇಂಥ ತಿಂಗಳೊಳಗೆ ಮಾಡ್ತೀವಿ ಅಂತ ಹೇಳಿ, ನಮ್ಮ ಗಿರಾಕಿ ಅದಕ್ಕೆ ಒಪ್ಪಿದರು.

ಐಂಡ್‌ಹೋವನ್‌ನಿಂದ:
ನಾನು ಇಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಕರಾರು ಕಳಿಸುವ ಕಡೆ ಕೆಲಸ ಮಾಡುವವಳು. ನಿಮ್ಮ ಸರ್ಕಾರ ಈ ಡೇಟಾ ಕೇಳಬಹುದಾ, ಯಾವ ಕಾನೂನಿನಡಿ ಅಂತ ಒಂದು ಪ್ರಶ್ನಾವಳಿಯೂ ಬರುತ್ತೆ. 2020ರ ಜುಲೈನಲ್ಲಿ, ಖಾಸಗಿತನದ ಹೋರಾಟಗಾರ ಮ್ಯಾಕ್ಸ್ ಶ್ರೆಮ್ಸ್ ಪ್ರಕರಣದಲ್ಲಿ ಯುರೋಪಿನ ನ್ಯಾಯಾಲಯ ಅಮೆರಿಕಕ್ಕೆ ಡೇಟಾ ಕಳಿಸಲು ಇದ್ದ ಪ್ರೈವಸಿ ಶೀಲ್ಡ್ ವ್ಯವಸ್ಥೆಯನ್ನೇ ರದ್ದು ಮಾಡಿತು. ಆಮೇಲಿಂದ ಬರೀ ಸಹಿ ಸಾಲದು, ಡೇಟಾ ಹೋಗುವ ದೇಶದ ಕಾನೂನನ್ನೂ ತೂಗಿ ನೋಡಬೇಕು. 'ಅಂಥದ್ದೇನೂ ಇಲ್ಲ' ಅಂತ ಬರೆದವರ ಮೇಲೇ ನಮಗೆ ಅನುಮಾನ. ಸರ್ಕಾರ ಡೇಟಾ ನೋಡಲು ಆದೇಶ ಕೊಡಬಹುದಾದ ಐಟಿ ಕಾಯ್ದೆಯ 69ನೇ ಸೆಕ್ಷನ್ ಇದೆ ಅನ್ನಿ, ಇದುವರೆಗೆ ಆದೇಶ ಬಂದಿಲ್ಲದಿದ್ದರೆ ಅದನ್ನೂ ಹೇಳಿ.

ಅದಕ್ಕಿಂತ ಮುಖ್ಯ: ದೋಷ ಹುಡುಕೋಕೆ ಆರ್ಡರ್ ನಂಬರ್ ಸಾಕಲ್ಲ, ಹೆಸರು ಯಾಕೆ? ಹೆಸರು, ವಿಳಾಸ ಮರೆಮಾಡಿದ ಡೇಟಾ ಕೊಡಿ ಅಂತ ನೀವೇ ಕೇಳಿ. ಇನ್ನು ಸೋರಿಕೆ ಆದರೆ ಅಂಗಡಿಯವರು 72 ಗಂಟೆಯೊಳಗೆ ಅಲ್ಲಿನ ಪ್ರಾಧಿಕಾರಕ್ಕೆ ತಿಳಿಸಬೇಕಾಗುತ್ತೆ. ಭಾನುವಾರ ಗೊತ್ತಾದದ್ದನ್ನು ಸೋಮವಾರಕ್ಕೆ ಇಡಬೇಡಿ.

ಮಂಗಳೂರಿನಿಂದ:
ಬ್ರಿಟನ್ ಗಿರಾಕಿಯೂ ಇದ್ದರೆ ಇದೊಂದೇ ಸಾಲದು, ಅವರದ್ದೇ ಅಡೆಂಡಮ್ (ಕರಾರಿಗೆ ಸೇರಿಸುವ ಪೂರಕ ಪತ್ರ) ಬೇರೆ ಬೇಕು. ನಾವು ಎರಡೆರಡು ಸಲ ಕಾಗದ ಮಾಡಿದೆವು.

ಬೆಂಗಳೂರಿನಿಂದ, ವಕೀಲೆ:
ನಮ್ಮ ದೇಶದ 2023ರ ಡಿಪಿಡಿಪಿ (ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣೆ) ಕಾಯ್ದೆಯನ್ನು ಮರೆಯಬೇಡಿ. ವಿದೇಶಿ ಕರಾರಿನ ಮೇಲೆ ಹೊರದೇಶದವರ ಡೇಟಾ ನೋಡಿಕೊಳ್ಳುವವರಿಗೆ 17ನೇ ಸೆಕ್ಷನ್‌ನಲ್ಲಿ ಬಹುಪಾಲು ವಿನಾಯಿತಿ ಇದೆ, ಭದ್ರತೆಯ ಹೊಣೆಗೆ ಮಾತ್ರ ಇಲ್ಲ. ಅದರಲ್ಲಿ ತಪ್ಪಿದರೆ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು.

ಹುಬ್ಬಳ್ಳಿಯಿಂದ ಮತ್ತೆ:
ಎಲ್ಲರಿಗೂ ಶರಣ್ರಿ. ನಿನ್ನೆ ಎಂಟೂ ಮಂದಿ ಕೂತು ಡೇಟಾ ಎಲ್ಲೆಲ್ಲಿ ಹೋಗ್ತೈತಿ ಅಂತ ಬೋರ್ಡಿನ ಮ್ಯಾಲ ಬರದ್ವಿ. ಫ್ರಾಂಕ್‌ಫರ್ಟ್ ಒಂದೇ ಅಂದ್ಕೊಂಡಿದ್ವಿ. ನಮ್ಮ ವಾಟ್ಸಾಪ್ ಗ್ರೂಪಿನಾಗ ಎರಡು ವರ್ಷದ ಸ್ಕ್ರೀನ್‌ಶಾಟ್ ಅದಾವು, ಹೆಸರು, ವಿಳಾಸ ಸಮೇತ. ಜರ್ಮನಿಯವರಿಗೆ ಮೊದಲು ತಿಳಿಸಿ ಆಮ್ಯಾಲ ಅಳಿಸ್ತೀವಿ. ಐಂಡ್‌ಹೋವನ್ ಮೇಡಂ, ಹೆಸರು ಮರೆಮಾಡಿ ಕೊಡ್ರಿ ಅಂತ ಕೇಳೂ ಪತ್ರದಾಗ ಏನೇನು ಬರೀಬೇಕು, ಒಂಚೂರು ಹೇಳ್ತೀರೇನು?