ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹಿಡಿಯುವ ಮಾದರಿ: ಎರಡನೇ ದಿನ ಸೆನ್ಸರ್ 400 ತೋರಿಸುವುದೇಕೆ?

ತುಂಗಾತೀರ, ಶಿವಮೊಗ್ಗ
ಕಾಲೇಜಿನ ಪ್ರಾಜೆಕ್ಟ್ ಇದು. 5 ಲೀಟರ್ ದ್ರಾವಣದಲ್ಲಿ ಅನಿಲ ಹೀರಲು 200 ಗ್ರಾಂ ಕಾಸ್ಟಿಕ್ ಸೋಡಾ, ಚಿಕ್ಕ ಪಂಪು, ಏರ್ ಕೂಲರ್‌ನ ಜೇನುಗೂಡು ಪ್ಯಾಡ್, 12 ವೋಲ್ಟಿನ 3 ವ್ಯಾಟ್ ಫ್ಯಾನ್. ಗಾಳಿ ಹೊರಬರುವಲ್ಲಿ ಎನ್‌ಡಿಐಆರ್ (ಅತಿಗೆಂಪು ಬೆಳಕಿನಿಂದ ಅನಿಲ ಅಳೆಯುವ) ಸೆನ್ಸರ್ ಇದೆ. ಮೊದಲ ದಿನ 300 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ 300 ಪಾಲು) ಆಸುಪಾಸು ಇತ್ತು, ಮಾರನೇ ದಿನ 400. ದ್ರಾವಣ ಬದಲಿಸಿದರೂ ಅಷ್ಟೇ. ಮಳೆಗಾಲದ ತೇವ ಕಾರಣವೇ? ಬೋರ್ಡೋ ದ್ರಾವಣಕ್ಕೆ ತರುವ ಸುಣ್ಣವನ್ನೇ ಕಾಸ್ಟಿಕ್ ಬದಲು ಬಳಸಬಹುದೇ?

ಅಳತೆಗೋಲು
ತೇವ ಅಲ್ಲ. ಅಗ್ಗದ ಎನ್‌ಡಿಐಆರ್ ಸೆನ್ಸರ್‌ಗಳು ದಿನದಲ್ಲಿ ಕಂಡ ಅತಿ ಕಡಿಮೆ ಅಳತೆಯನ್ನೇ 'ಹೊರಗಿನ ಗಾಳಿ, 400' ಎಂದುಕೊಂಡು ತಮ್ಮನ್ನು ತಾವೇ ತಿದ್ದಿಕೊಳ್ಳುತ್ತವೆ. ನಿಮ್ಮ 300 ಅನ್ನೇ ಅದು 400 ಮಾಡಿದೆ. ಆ ಸ್ವಯಂ ತಿದ್ದುಪಡಿಯನ್ನು ಆಫ್ ಮಾಡಿ. ಒಂದೇ ಸೆನ್ಸರನ್ನು ಒಳಬರುವ, ಹೊರಹೋಗುವ ಗಾಳಿಗೆ ಸರದಿಯಂತೆ ಹಿಡಿದು ವ್ಯತ್ಯಾಸ ಮಾತ್ರ ನೋಡಿ. ಕಾಸ್ಟಿಕ್ ಹನಿ ತಾಗಿದರೆ ಸೆನ್ಸರ್ ಹಾಳಾಗುತ್ತದೆ, ಮುಂದೆ ಹನಿ ತಡೆಯುವ ಪ್ಲಾಸ್ಟಿಕ್ ಜಾಲರಿ ಇರಲಿ.

ಬ್ಯುರೆಟ್
ಸೆನ್ಸರ್ ಸುಳಿವಷ್ಟೇ, ಲೆಕ್ಕಕ್ಕೆ ಆಮ್ಲ ಹನಿಸಿ ಅಳೆಯುವ ಟೈಟ್ರೇಶನ್ನೇ ಬೇಕು. 10 ಮಿ.ಲೀ. ದ್ರಾವಣಕ್ಕೆ ಒಂದು ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ ಬಿಡಿ. ಬಣ್ಣದ ಸೂಚಕ ಫಿನಾಲ್ಫ್ಥಲೀನ್‌ನ ಗುಲಾಬಿ ಹೋಗುವವರೆಗೆ ಒಂದು ಅಳತೆ. ಅಲ್ಲಿಂದ ಇನ್ನೊಂದು ಸೂಚಕ ಮೀಥೈಲ್ ಆರೆಂಜ್‌ನ ಬಣ್ಣ ತಿರುಗುವವರೆಗೆ ಇನ್ನೊಂದು. ಹಿಡಿದ ಅನಿಲವನ್ನು ಹೇಳುವುದು ಈ ಎರಡನೆಯದೇ: ಅದು 2 ಮಿ.ಲೀ. ಬಂದರೆ ಹಿಡಿದದ್ದು ಲೀಟರಿಗೆ 8.8 ಗ್ರಾಂ. ಆಮ್ಲವನ್ನು ಕಲಕುತ್ತಾ ನಿಧಾನ ಬಿಡದಿದ್ದರೆ ಅನಿಲ ಮೊದಲೇ ಗುಳ್ಳೆಯಾಗಿ ಹೋಗುತ್ತದೆ. ಕಾಸ್ಟಿಕ್ ಹರಳಿನಲ್ಲೇ ಸ್ವಲ್ಪ ಕಾರ್ಬೊನೇಟ್ (ಹಿಡಿದ ಅನಿಲ ಕಾಸ್ಟಿಕ್ ಜೊತೆ ಸೇರಿ ಆಗುವ ಲವಣ) ಇರುವುದರಿಂದ ಹೊಸ ದ್ರಾವಣದ ಅಳತೆಯನ್ನು ಕಳೆಯಲೇಬೇಕು.

ನಿಮ್ಮ 200 ಗ್ರಾಂ ಕಾಸ್ಟಿಕ್ ಹಿಡಿಯಬಲ್ಲದ್ದು ಹೆಚ್ಚೆಂದರೆ 110 ಗ್ರಾಂ. ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 0.7 ಗ್ರಾಂ ಇದೆ. ಗಂಟೆಗೆ 30 ಘನ ಮೀಟರ್ ಹರಿದು ಅರ್ಧ ಸಿಕ್ಕರೆ 10 ಗ್ರಾಂ.

ಪ್ಯಾಡ್ ಮಾತ್ರ ಕೂಡಲೇ ತೆಗೆಯಿರಿ. ಅದು ಸೆಲ್ಯುಲೋಸ್ ಕಾಗದ, ಕ್ಷಾರಕ್ಕೆ ಉಬ್ಬಿ ಕುಸಿಯುತ್ತದೆ. ಕೂಲಿಂಗ್ ಟವರಿನ ಪಿವಿಸಿ ಹಾಳೆ ಸರಿ. ಅಲ್ಯೂಮಿನಿಯಂ ಎಲ್ಲಿಯೂ ಬೇಡ, ಕಾಸ್ಟಿಕ್ ಜೊತೆ ಸೇರಿ ಹೈಡ್ರೋಜನ್ ಬಿಡುತ್ತದೆ. ಕನ್ನಡಕ, ಕೈಗವಸು ಕಡ್ಡಾಯ. ಕಣ್ಣಿಗೆ ಬಿದ್ದರೆ ತಕ್ಷಣ ಹರಿಯುವ ನೀರಿನಲ್ಲಿ 15 ನಿಮಿಷವಾದರೂ ತೊಳೆದು ಆಸ್ಪತ್ರೆಗೆ ಹೋಗಿ.

ಸುಣ್ಣದ ಗೂಡು
ಸುಣ್ಣ ಲೀಟರಿಗೆ ಕರಗುವುದೇ 1.6 ಗ್ರಾಂ ಆಸುಪಾಸು, ಅದು ಹಿಡಿಯುವುದು ಒಂದು ಗ್ರಾಂಗೂ ಕಡಿಮೆ. ಗಟ್ಟಿಯಾಗಿ ಕಲಸಿದರೆ ಕಾರ್ಬೊನೇಟ್ ಕೆನೆಕಟ್ಟಿ ಪಿವಿಸಿಯ ಸಂದುಗಳನ್ನೆಲ್ಲ ಮುಚ್ಚುತ್ತದೆ. ಅದರ ಸರಿಯಾದ ಜಾಗ ಎರಡನೇ ಹಂತ: ಬಳಸಿದ ದ್ರಾವಣಕ್ಕೆ, ಹಿಡಿದ ಪ್ರತಿ 44 ಗ್ರಾಂಗೆ 74 ಗ್ರಾಂ ಅರಳಿದ ಸುಣ್ಣ ಬೆರೆಸಿದರೆ ಸುಣ್ಣದ ಕಾರ್ಬೊನೇಟ್ ತಳಕ್ಕಿಳಿದು ಕಾಸ್ಟಿಕ್ ಬಹುಪಾಲು ವಾಪಸ್ ಬರುತ್ತದೆ. ಕೆನಡಾದ ಕಾರ್ಬನ್ ಎಂಜಿನಿಯರಿಂಗ್ ಕಂಪನಿಯ ಪದ್ಧತಿಯೂ ಮೂಲತಃ ಇದೇ. ಅಲ್ಲಿ ಕಾಸ್ಟಿಕ್ ಸೋಡಾ ಬದಲು ಕಾಸ್ಟಿಕ್ ಪೊಟ್ಯಾಶ್ ಬಳಸಿ, ಆ ಸುಣ್ಣದ ಕಾರ್ಬೊನೇಟನ್ನು 900 ಡಿಗ್ರಿಯಲ್ಲಿ ಸುಟ್ಟು ಶುದ್ಧ ಅನಿಲ ಹೊರತೆಗೆಯುತ್ತಾರೆ.

ಈ ಹಂತವನ್ನು ವರದಿಯಲ್ಲಿ ಬಿಡಬೇಡಿ. ಕೊಂಡು ತಂದ ಸುಣ್ಣವೂ ಸುಣ್ಣಕಲ್ಲು ಸುಟ್ಟೇ ಆಗಿದ್ದು, ಈಗ ನೀವು ಹಿಡಿಯುವಷ್ಟೂ ಅನಿಲ ಆಗಲೇ ಗಾಳಿಗೆ ಹೋಗಿದೆ, ಜೊತೆಗೆ ಗೂಡಿನ ಉರುವಲಿನದ್ದೂ. ಫ್ಯಾನಿನ ಪಾಲು ಸಣ್ಣದು: ನಮ್ಮ ಗ್ರಿಡ್ಡಿನಲ್ಲಿ ಯೂನಿಟ್ಟಿಗೆ ಸುಮಾರು 0.7 ಕಿಲೋ ಅನಿಲ ಹೊರಬರುತ್ತದೆ ಎಂದುಕೊಂಡರೂ ನಿಮ್ಮ 3 ವ್ಯಾಟಿಗೆ ಗಂಟೆಗೆ 2 ಗ್ರಾಂ. ಅದೇ 75 ವ್ಯಾಟಿನ ಫ್ಯಾನ್ ಹಾಕಿ 10 ಗ್ರಾಂ ಹಿಡಿದರೆ ಬಿಟ್ಟದ್ದೇ 50 ಗ್ರಾಂ ದಾಟುತ್ತದೆ.

ಮಲೆನಾಡಿನ ತೇವ ಕಾಸ್ಟಿಕ್ ಪದ್ಧತಿಗೆ ಅನುಕೂಲವೇ, ಮಾರ್ಚ್‌ಗಿಂತ ನೀರು ಕಡಿಮೆ ಆರುತ್ತದೆ. ಒಣಗಿದಾಗ ಹಿಡಿದು ಒದ್ದೆಯಾದಾಗ ಬಿಡುವ ರೆಸಿನ್ ಪದ್ಧತಿಯನ್ನು ಮಾತ್ರ ಜುಲೈನಲ್ಲಿ ಇಲ್ಲಿ ಪ್ರಯತ್ನಿಸಬೇಡಿ.