ಬೇಲಿ ತಂತಿಯನ್ನು ಸಾಗುವಾನಿ ನುಂಗಿದೆ, ಪಕ್ಕದ ಅಡಿಕೆ ಯಾಕೆ ದಪ್ಪ ಆಗಲ್ಲ?

ಪ್ರಶ್ನೆ: ನಮಸ್ಕಾರ ಸರ್. ತೋಟದ ಅಂಚಿನ ಸಾಗುವಾನಿ ಮರಗಳಿಗೆ 12 ವರ್ಷದ ಹಿಂದೆ ಎದೆಮಟ್ಟಕ್ಕೆ ಮುಳ್ಳುತಂತಿ ಹೊಡೆದಿದ್ದೆವು. ಈಗ ತಂತಿ ಮರದೊಳಗೆ ಹೋಗಿಬಿಟ್ಟಿದೆ. ಒಂದು ಮರಕ್ಕೆ ಸುತ್ತಲೂ ಬಿಗಿದಿದ್ದೆವು, ಅಲ್ಲಿ ತಂತಿಯ ಮೇಲ್ಗಡೆ ಊದಿಕೊಂಡಿದೆ. ಮರ ಇಷ್ಟು ಎತ್ತರ ಹೋದರೂ ತಂತಿ ಎದೆಮಟ್ಟದಲ್ಲೇ ಇದೆ! ಪಕ್ಕದ ಅಡಿಕೆ ಮಾತ್ರ ಆಗಿನಷ್ಟೇ ದಪ್ಪ. ಯಾಕೆ ಹೀಗೆ?

ಉತ್ತರ (ಅರಣ್ಯಶಾಸ್ತ್ರ ಅಧ್ಯಾಪಕ): ಮರ ಎತ್ತರ ಬೆಳೆಯುವುದು ತುದಿಯಲ್ಲಿ ಮಾತ್ರ. ಅದಕ್ಕೇ ತಂತಿ ಮೇಲೆ ಹೋಗಿಲ್ಲ. ದಪ್ಪ ಆಗುವ ಕೆಲಸ ತೊಗಟೆಯ ಕೆಳಗೆ ನಡೆಯುತ್ತದೆ. ಮಳೆಗಾಲದಲ್ಲಿ ಹಸಿ ಕೊಂಬೆಯ ತೊಗಟೆ ಸುಲಿದು ನೋಡಿ. ಸಲೀಸಾಗಿ ಬಿಟ್ಟುಕೊಳ್ಳುತ್ತದೆ, ಕೈಗೆ ಲೋಳೆ ಲೋಳೆ ಹತ್ತುತ್ತದೆ. ಕ್ಯಾಂಬಿಯಂ ಅನ್ನುವ ತೆಳು ಪದರ ಇರುವುದು ಅಲ್ಲೇ. ಅದು ಒಳಗಡೆಗೆ ಹೊಸ ಮರ (ಅಂದರೆ ಕಟ್ಟಿಗೆ) ಕಟ್ಟುತ್ತದೆ, ಹೊರಗಡೆಗೆ ಒಳತೊಗಟೆ. ಮರದ ಪಾಲೇ ಜಾಸ್ತಿ. ಬೇಸಿಗೆಯಲ್ಲಿ ಸಾಗುವಾನಿ ಎಲೆ ಉದುರಿಸಿ ಸುಮ್ಮನಾಗುತ್ತದೆ, ಮತ್ತೆ ಚಿಗುರಿದಾಗ ದೊಡ್ಡ ರಂಧ್ರಗಳ ಸಾಲಿನಿಂದ ಹೊಸ ಉಂಗುರ ಶುರು. ಕೊಯ್ದ ದಿಮ್ಮಿಯಲ್ಲಿ ಆ ಸಾಲು ಕಣ್ಣಿಗೇ ಕಾಣುತ್ತದೆ.

ಎಲೆಯಲ್ಲಿ ತಯಾರಾದ ಸಕ್ಕರೆ ಬೇರಿಗೆ ಇಳಿಯುವುದು ಒಳತೊಗಟೆಯ ಮೂಲಕ. ಸುತ್ತ ಬಿಗಿದ ತಂತಿ ಆ ದಾರಿಯನ್ನು ಹಿಸುಕುತ್ತಿದೆ. ಊದಿಕೊಂಡಿರುವುದು ಅದಕ್ಕೇ. ಬೇರು ಉಪವಾಸ ಬಿದ್ದರೆ ಮರವೇ ಹೋಗುತ್ತದೆ, ದಯವಿಟ್ಟು ಈ ವಾರವೇ ಆ ತಂತಿ ಕತ್ತರಿಸಿ. ಒಳಗೆ ಹೂತಿರುವುದನ್ನು ಮಾತ್ರ ಎಳೆಯಬೇಡಿ, ತೊಗಟೆ ಕಿತ್ತು ಬರುತ್ತದೆ. ಮುಂದೆ ಮರ ಕೊಯ್ಯಿಸುವಾಗ ಸಾಮಿಲ್‌ನವರಿಗೆ ತಂತಿ ಇದೆ ಅಂತ ಹೇಳಲೇಬೇಕು. ಗರಗಸಕ್ಕೆ ಸಿಕ್ಕರೆ ಅಪಾಯ.

ಅಡಿಕೆಗೆ ಕ್ಯಾಂಬಿಯಂ ಇಲ್ಲ. ತೆಂಗಿಗೂ ಇಲ್ಲ. ಸುಳಿಯ ಹತ್ತಿರ ಕಾಂಡ ಎಷ್ಟು ದಪ್ಪ ಆಯಿತೋ ಅಷ್ಟೇ, ಆಮೇಲೆ ಮೇಲಕ್ಕೆ ಹೋಗುವುದೊಂದೇ. ಸಾಗುವಾನಿಯ ಗಾಯವನ್ನು ಹೊಸ ಮರ ಅಂಚಿನಿಂದ ಬಂದು ಮುಚ್ಚುತ್ತದೆ, ಅಡಿಕೆಯ ಗಾಯ ಹಾಗೇ ಉಳಿಯುತ್ತದೆ. ನೈಋತ್ಯದ ಬಿಸಿಲಿಗೆ ಕಾಂಡ ಸೀಳಿದರೆ ಮತ್ತೆ ಕೂಡುವುದಿಲ್ಲ. ಹಿರಿಯರು ಬಿಸಿಲು ತಾಗದಂತೆ ಕಾಂಡಕ್ಕೆ ಸೋಗೆ (ಅಡಿಕೆ ಗರಿ) ಕಟ್ಟುತ್ತಿದ್ದರಲ್ವಾ, ಅದನ್ನು ಬಿಡಬೇಡಿ.

ಇನ್ನೊಬ್ಬರ ಪ್ರಶ್ನೆ: ಹಾಗಾದರೆ ಅಡಿಕೆ ಮರದ ಮೇಲಿನ ಉಂಗುರ ಎಣಿಸಿ ವಯಸ್ಸು ಹೇಳಬಹುದಾ ಸರ್?

ಉತ್ತರ: ಒಂದು ಉಂಗುರಕ್ಕೆ ಒಂದು ವರ್ಷ ಅಂತ ಎಣಿಸಿದರೆ ತಪ್ಪುತ್ತದೆ. ಅದು ಹಾಳೆ ಕಳಚಿ ಬಿದ್ದ ಗುರುತು. ವರ್ಷಕ್ಕೆ ಸಾಮಾನ್ಯವಾಗಿ 5ರಿಂದ 7 ಹಾಳೆ ಬೀಳುತ್ತವೆ, ಅಷ್ಟೂ ಉಂಗುರ ಮೂಡುತ್ತವೆ.